ಶಿವಮೊಗ್ಗದಿಂದ ಬೆಂಗಳೂರಿಗೆ: ವಿಮಾನವೋ, ರೈಲೋ, ಬಸ್ಸೋ?

ಬೆಂಗಳೂರಿಗೆ ಹೋಗಲು ಯಾವುದು ಒಳ್ಳೆಯದು ಎಂದು ಅತ್ತಿಗೆ ಕೇಳಿದರು. ಶಿವಮೊಗ್ಗದ ಪಕ್ಕದ ಸೋಗಾನೆ ವಿಮಾನ ನಿಲ್ದಾಣದಿಂದ ವಿಮಾನ ಹಾರಲು ಶುರುವಾದ 2023ರಿಂದ ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಜಾಸ್ತಿಯಾಗಿದೆ.

ಮೊದಲು ಸಮಯ. ಆಕಾಶದಲ್ಲಿ ನೇರ ದೂರ ಸುಮಾರು 240 ಕಿ.ಮೀ., ಹಾರಾಟ ಹೆಚ್ಚು ಕಡಿಮೆ ಒಂದು ಗಂಟೆ. ಆದರೆ ಬರೀ ಅದನ್ನೇ ನೋಡಬೇಡಿ. ಊರಿಂದ ಸೋಗಾನೆಗೆ ಹೋಗಬೇಕು, ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಇನ್ನೂ 35 ಕಿ.ಮೀ. ಕೂಡಿಸಿದರೆ ನಾಲ್ಕು ಗಂಟೆ ದಾಟುತ್ತದೆ. ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಊರಿನೊಳಗೇ ಇಳಿಸುತ್ತದೆ, ಅಲ್ವಾ? ಬಸ್ಸಿಗೆ 300 ಕಿ.ಮೀ., ಆರರಿಂದ ಏಳು ಗಂಟೆ.

ಖರ್ಚಿನಲ್ಲಿ ರೈಲೇ ಅಗ್ಗ. ವಿಮಾನದ ದರ ದಿನಕ್ಕೊಂದು ಥರ, ಮೇಲೆ ಟ್ಯಾಕ್ಸಿ ಬಾಡಿಗೆ ಬೇರೆ.

ಮಳೆಗಾಲದ ಮಾತೇ ಬೇರೆ. ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ತಡವಾಗುತ್ತದೆ, ಕೆಲವೊಮ್ಮೆ ರದ್ದೂ ಆಗುತ್ತದೆ. ಜುಲೈನಲ್ಲಿ ಆಸ್ಪತ್ರೆ, ಇಂಟರ್‌ವ್ಯೂ ಇದ್ದರೆ ನಾನಂತೂ ರೈಲನ್ನೇ ನಂಬುತ್ತೇನೆ.

ಸಾಮಾನಿನ ವಿಷಯವೂ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ, ಅಕ್ಕಿ ಚೀಲ, ಹಲಸಿನ ಹಪ್ಪಳದ ಡಬ್ಬಿ ಹೊತ್ತವರಿಗೆ ತೂಕ ಹಾಕುವ ಕೌಂಟರ್ ಸರಿಹೋಗದು.

ಬೆಂಗಳೂರಿನಿಂದ ದೆಹಲಿಗೋ ದುಬೈಗೋ ಮುಂದೆ ಹಾರುವವರಿಗೆ, ಯಲಹಂಕದ ಕಡೆ ಮನೆಯಿದ್ದವರಿಗೆ ವಿಮಾನವೇ ಸುಖ. ಹೆಚ್ಚು ಹೊತ್ತು ಕೂರಲಾಗದ ಹಿರಿಯರಿಗೂ ಅದೇ ವಾಸಿ. ತೀರ್ಥಹಳ್ಳಿ, ಹೊಸನಗರದವರಾದರೆ ರಾತ್ರಿ ಬಸ್ಸೇ ಅನುಕೂಲ. ಊರಲ್ಲೇ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು.