ಎಚ್‌ಟಾಪ್: ಹಾಕಿಕೊಳ್ಳಿ, ಆದರೆ ಮೊದಲು ಎಫ್2 ಒತ್ತಿ

ಲಿನಕ್ಸ್ ಯಂತ್ರದಲ್ಲಿ ಈ ಕ್ಷಣ ಏನು ನಡೆಯುತ್ತಿದೆ ಎಂದು ಟರ್ಮಿನಲ್‌ನಲ್ಲಿ ಕೂತು ನೋಡುವುದಕ್ಕೆ ಎಚ್‌ಟಾಪ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಎಲ್ಲ ಕಡೆ ಮೊದಲೇ ಇರುವ ಟಾಪ್ ಎಂಬ ಇಂಥದ್ದೇ ಸಾಧನ ಸಾಲದೇ ಎಂದು ಕೇಳುವವರಿದ್ದಾರೆ. ಸಾಲುತ್ತದೆ, ಅದರ ಕೀಲಿಗಳೆಲ್ಲ ಬಾಯಿಪಾಠ ಇದ್ದರೆ. ಎಚ್‌ಟಾಪ್‌ನಲ್ಲಿ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು, ಪಕ್ಕಕ್ಕೆ ಸರಿಸಿ ಇಡೀ ಕಮಾಂಡ್ ಸಾಲು ಓದಬಹುದು, ಪಿಐಡಿ (ಗುರುತಿನ ಸಂಖ್ಯೆ) ಟೈಪ್ ಮಾಡದೆ ಪ್ರಾಸೆಸ್ ಅನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂ ಅನ್ನು, ನಿಲ್ಲಿಸಬಹುದು. ಹಿಶಾಮ್ ಮುಹಮ್ಮದ್ 2004ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶವನ್ನು 2020ರ 3.0 ಆವೃತ್ತಿಯಿಂದ ಹೊಸ ತಂಡ ನೋಡಿಕೊಳ್ಳುತ್ತಿದೆ. ಉಚಿತ, ಮುಕ್ತ ತಂತ್ರಾಂಶ.

ಡೆಬಿಯನ್, ಉಬುಂಟುಗಳಲ್ಲಿ ತಂತ್ರಾಂಶ ಹಾಕುವ ಆಪ್ಟ್ ಕಮಾಂಡ್ ಮೂಲಕ ನೇರವಾಗಿ ಸಿಗುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಬಳಗದಲ್ಲಿ ಮೊದಲು ಎಪೆಲ್ ಎಂಬ ಹೆಚ್ಚುವರಿ ತಂತ್ರಾಂಶ ಭಂಡಾರ (ರೆಪೊಸಿಟರಿ) ಸೇರಿಸಬೇಕು. ಆವೃತ್ತಿಯ ಮೇಲೆ ಕಣ್ಣಿಡಿ: ಉಬುಂಟು 22.04ರಲ್ಲಿ ಬರುವುದು 3.0.5, ಡೆಬಿಯನ್ 12ರಲ್ಲಿ 3.2.2. ಟ್ಯಾಬ್ ಕೀ ಒತ್ತಿ ಡಿಸ್ಕ್ ಓದು-ಬರಹದ ಪರದೆಗೆ ಹೋಗುವ ಸೌಲಭ್ಯ 3.2ರಿಂದ ಮಾತ್ರ ಇದೆ. ಬೇರೆ ಬಳಕೆದಾರರ ಪ್ರಾಸೆಸ್‌ಗಳ ಡಿಸ್ಕ್ ಲೆಕ್ಕ ಕಾಣಬೇಕಾದರೆ ಸುಡೋ (ನಿರ್ವಾಹಕರ ಅಧಿಕಾರ) ಜೊತೆಗೇ ತೆರೆಯಬೇಕು.

ನಮ್ಮ ದೊಡ್ಡ ತಕರಾರು ಇರುವುದು ಡೀಫಾಲ್ಟ್ ಸೆಟ್ಟಿಂಗ್‌ಗಳ ಮೇಲೆ. ತೆರೆದ ತಕ್ಷಣ ಪ್ರತಿ ಥ್ರೆಡ್ಡೂ (ಒಂದೇ ಪ್ರಾಸೆಸ್ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಪ್ರತ್ಯೇಕ ಸಾಲಾಗಿ ಕಾಣುತ್ತದೆ. ಒಂದು ಜಾವಾ ಸರ್ವರ್ ಐವತ್ತು ಸಾಲಾಗಿ ನಿಲ್ಲುತ್ತದೆ, ಪ್ರತಿ ಸಾಲಿನಲ್ಲೂ ಅದೇ 2 ಜಿಬಿ ಮೆಮೊರಿ. ಹೊಸಬರು ಕೂಡಿಸಿ ನೋಡಿ ಗಾಬರಿಯಾಗುತ್ತಾರೆ. ಆದರೆ ಥ್ರೆಡ್‌ಗಳೆಲ್ಲ ಒಂದೇ ಮೆಮೊರಿಯನ್ನು ಹಂಚಿಕೊಂಡಿರುವುದರಿಂದ ಆ 2 ಜಿಬಿಯನ್ನು ಎಣಿಸಬೇಕಾದ್ದು ಒಂದೇ ಸಲ. ಕ್ಯಾಪಿಟಲ್ ಎಚ್ ಒತ್ತಿದರೆ ಬಳಕೆದಾರ ಥ್ರೆಡ್‌ಗಳು ಮರೆಯಾಗುತ್ತವೆ. ಕರ್ನಲ್ (ಲಿನಕ್ಸ್‌ನ ತಿರುಳು) ಥ್ರೆಡ್‌ಗಳನ್ನು ತೋರಿಸಲು ಅಥವಾ ಮರೆಮಾಡಲು ಕ್ಯಾಪಿಟಲ್ ಕೆ.

ಇನ್ನೂ ಮುಖ್ಯವಾದದ್ದು ಎಫ್2 ಒತ್ತಿದಾಗ ಬರುವ ಡಿಸ್‌ಪ್ಲೇ ಆಪ್ಷನ್ಸ್‌ನಲ್ಲಿರುವ ‘ಡೀಟೇಲ್ಡ್ ಸಿಪಿಯು ಟೈಮ್’. ಇದು ಆಫ್ ಇದ್ದರೆ ಮೇಲ್ಭಾಗದ ಸಿಪಿಯು ಬಣ್ಣದ ಪಟ್ಟಿಯಲ್ಲಿ (ಬಾರ್) ಹಸಿರು ಸಾಮಾನ್ಯ ಪ್ರಾಸೆಸ್‌ಗಳದ್ದು, ನೀಲಿ ಕಡಿಮೆ ಆದ್ಯತೆಯವುಗಳದ್ದು, ಕೆಂಪು ಕರ್ನಲ್‌ನದ್ದು. ಡಿಸ್ಕಿಗಾಗಿ ಕಾಯುವ ಸಮಯ ಕಾಣುವುದೇ ಇಲ್ಲ. ಡಿಸ್ಕ್ ಒದ್ದಾಡುತ್ತಿದ್ದರೂ ಪಟ್ಟಿ ಖಾಲಿ ಖಾಲಿ. ಆನ್ ಮಾಡಿದರೆ ಆ ಕಾಯುವ ಸಮಯ (ಐಒ-ವೇಟ್) ಬೂದು ಬಣ್ಣದಲ್ಲಿ ಬರುತ್ತದೆ, ಬಾಡಿಗೆಯ ವರ್ಚುವಲ್ ಯಂತ್ರದಲ್ಲಿ ಪಕ್ಕದವರು ಕಿತ್ತುಕೊಂಡ ಸ್ಟೀಲ್ ಸಮಯವೂ ಬೇರೆಯಾಗಿ ಕಾಣುತ್ತದೆ. ಇದೊಂದು ಆಯ್ಕೆ ಮೊದಲೇ ಆನ್ ಆಗಿ ಬರಬೇಕಿತ್ತು.

ಮೆಮೊರಿ ಪಟ್ಟಿ ತುಂಬಿದೆ ಎಂದ ಮಾತ್ರಕ್ಕೆ ರ್‍ಯಾಮ್ ಮುಗಿದಿದೆ ಎಂದಲ್ಲ. ಹಸಿರು ಭಾಗ ನಿಜವಾಗಿ ಬಳಕೆಯಲ್ಲಿದೆ. ನೀಲಿ ಬಫರ್, ಹಳದಿ ಕ್ಯಾಶ್, ಅಂದರೆ ಬೇಗ ಸಿಗಲೆಂದು ಮೆಮೊರಿಯಲ್ಲಿ ಇಟ್ಟುಕೊಂಡ ಡಿಸ್ಕ್ ಮಾಹಿತಿ. ಹಳದಿಯ ಬಹುಪಾಲನ್ನು ಕರ್ನಲ್ ಬೇಕಾದಾಗ ಬಿಟ್ಟುಕೊಡುತ್ತದೆ. ಅನುಮಾನವಿದ್ದರೆ ‘ಫ್ರೀ -ಎಚ್’ ಕೊಟ್ಟು ‘ಅವೇಲಬಲ್’ ಕಾಲಂ ನೋಡಿ, ‘ಫ್ರೀ’ ಕಾಲಂ ಅಲ್ಲ.

ಲೋಡ್ ಆವರೇಜ್‌ನ ಮೂರು ಅಂಕಿಗಳು ಓಡುತ್ತಿರುವ ಅಥವಾ ಸರದಿ ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ, ಕಳೆದ 1, 5, 15 ನಿಮಿಷಗಳವು. ಲಿನಕ್ಸ್‌ನಲ್ಲಿ ಇದು ಸಿಪಿಯು ಬೇಡಿಕೆ ಮಾತ್ರ ಅಲ್ಲ. ‘ಡಿ’ ಸ್ಥಿತಿಯಲ್ಲಿ, ಅಂದರೆ ತಡೆಯಲಾಗದ ನಿದ್ದೆಯಲ್ಲಿ ಸಿಕ್ಕಿಕೊಂಡ ಪ್ರಾಸೆಸ್‌ಗಳೂ ಲೆಕ್ಕಕ್ಕೆ ಸೇರುತ್ತವೆ. 4 ಕೋರ್‌ಗಳ ಯಂತ್ರದಲ್ಲಿ ಲೋಡ್ 12 ಇದ್ದು ಸಿಪಿಯು ಪಟ್ಟಿಗಳು ಖಾಲಿ ಇದ್ದರೆ ಸ್ಥಿತಿ ತೋರಿಸುವ ಎಸ್ ಕಾಲಂನಲ್ಲಿ ‘ಡಿ’ ಹುಡುಕಿ. ಹೆಚ್ಚಿನ ಸಲ ಸತ್ತ ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಜೋಡಿಸಿದ ಫೈಲ್ ಜಾಗ) ಅಥವಾ ಕೈಕೊಡುತ್ತಿರುವ ಡಿಸ್ಕ್ ಸಿಗುತ್ತದೆ. ಸಿಪಿಯು ಸೇರಿಸಿದರೆ ಇಂಥ ಲೋಡ್ ಇಳಿಯುವುದಿಲ್ಲ. ಎಫ್2ರ ಮೀಟರ್‌ಗಳ ಪಟ್ಟಿಯಲ್ಲಿ ಪಿಎಸ್‌ಐ ಮೀಟರ್‌ಗಳಿವೆ. ಸಿಪಿಯು, ಮೆಮೊರಿ, ಡಿಸ್ಕ್ ಇವುಗಳಲ್ಲಿ ಯಾವುದಕ್ಕಾಗಿ ಕೆಲಸ ನಿಂತಿದೆ ಎಂದು ಶೇಕಡಾ ಲೆಕ್ಕದಲ್ಲಿ ಹೇಳುತ್ತವೆ. ಲೋಡ್‌ಗಿಂತ ಇವೇ ಹೆಚ್ಚು ನಂಬಿಕಸ್ತ. ಕರ್ನಲ್ 4.20 ಅಥವಾ ನಂತರದ್ದು ಬೇಕು; ರೆಡ್ ಹ್ಯಾಟ್ 8, 9ರಲ್ಲಿ ಬೂಟ್ ಸಾಲಿಗೆ ‘ಪಿಎಸ್‌ಐ=1’ ಸೇರಿಸದಿದ್ದರೆ ಅಂಕಿಯೇ ಬರುವುದಿಲ್ಲ.

ಕಾಲಂಗಳಲ್ಲಿ ‘ವಿರ್ಟ್’ ಅನ್ನು ಮರೆತುಬಿಡಿ. ಅದು ಕಾಯ್ದಿರಿಸಿದ ವಿಳಾಸಗಳ ಲೆಕ್ಕ. ‘ರೆಸ್’ ನಿಜವಾದ ರ್‍ಯಾಮ್, ಆದರೆ ಹಂಚಿಕೊಂಡ ಭಾಗವೂ ಅದರಲ್ಲಿ ಸೇರಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ನೂರು ಸಂಪರ್ಕಗಳ ‘ರೆಸ್’ ಕೂಡಿಸಿದರೆ ಯಂತ್ರದಲ್ಲಿರುವ ರ್‍ಯಾಮ್‌ಗಿಂತ ಹೆಚ್ಚಾಗುವುದು ಇದೇ ಕಾರಣಕ್ಕೆ: ಶೇರ್ಡ್ ಬಫರ್ ಪ್ರತಿ ಸಾಲಿನಲ್ಲೂ ಮತ್ತೆ ಮತ್ತೆ ಎಣಿಕೆಯಾಗುತ್ತದೆ. ಹಂಚಿಕೊಂಡ ಭಾಗವನ್ನು ಪಾಲುಮಾಡಿದ ಸರಿಯಾದ ಲೆಕ್ಕ ಬೇಕಿದ್ದರೆ ‘ಪಿಎಸ್‌ಎಸ್’ ಕಾಲಂ ಸೇರಿಸಿ. ಅದನ್ನು ಲೆಕ್ಕ ಹಾಕುವುದು ಯಂತ್ರಕ್ಕೆ ಭಾರ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಸಿಪಿಯು ಕಾಲಂನಲ್ಲಿ 100ಕ್ಕಿಂತ ಹೆಚ್ಚು ಕಂಡರೆ ಹೆದರಬೇಕಿಲ್ಲ. 350 ಎಂದರೆ ಮೂರೂವರೆ ಕೋರ್.

ಕೊಲ್ಲುವ ಕೆಲಸಕ್ಕೆ ಎಫ್9. ಮೊದಲು ತೋರಿಸುವುದು 15, ಅಂದರೆ ಸಿಗ್‌ಟರ್ಮ್, ಕೆಲಸ ಮುಗಿಸಿ ಹೊರಡು ಎಂಬ ವಿನಂತಿ. ಅದನ್ನೇ ಕಳಿಸಿ ಕೆಲವು ಸೆಕೆಂಡ್ ಕಾಯಿರಿ. ನೇರ 9ಕ್ಕೆ (ಸಿಗ್‌ಕಿಲ್, ಬಲವಂತದ ಕೊಲೆ) ಹೋದರೆ ಡೇಟಾಬೇಸ್‌ಗೆ ಬಾಗಿಲು ಹಾಕಿಕೊಳ್ಳಲೂ ಸಮಯ ಸಿಗುವುದಿಲ್ಲ. ‘ಡಿ’ ಸ್ಥಿತಿಯಲ್ಲಿ ಸಿಕ್ಕಿಕೊಂಡದ್ದಕ್ಕೆ 9 ಕಳಿಸಿದರೂ ಸಾಮಾನ್ಯವಾಗಿ ಅದು ಕಾಯುತ್ತಿರುವ ಕೆಲಸ ಮುಗಿಯುವವರೆಗೆ ಏನೂ ಆಗುವುದಿಲ್ಲ. ‘ಜೆಡ್’ ಸ್ಥಿತಿಯ ಜೋಂಬಿ ಆಗಲೇ ಸತ್ತಿರುತ್ತದೆ. ಎಫ್5 ಒತ್ತಿ ಮರದ ರೂಪದಲ್ಲಿ ಅದರ ಪೇರೆಂಟ್ ಪ್ರಾಸೆಸ್ ಹುಡುಕಿ, ರೀಸ್ಟಾರ್ಟ್ ಮಾಡಬೇಕಾದ್ದು ಅದನ್ನು. ಕೊಂದದ್ದು ಹೊಸ ಪಿಐಡಿಯೊಂದಿಗೆ ಮತ್ತೆ ಎದ್ದು ಬಂದರೆ ಹೆಚ್ಚಿನ ಸಲ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಎಬ್ಬಿಸುತ್ತಿರುತ್ತದೆ. ಆಗ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಡಿ.

ನಮಗೆ ತುಂಬಾ ಇಷ್ಟವಾದದ್ದು ಒಂದೊಂದೇ ಅಕ್ಷರದ ಕೀಲಿಗಳು. ಸ್ಮಾಲ್ ಎಲ್ ಒತ್ತಿದರೆ ಆ ಪ್ರಾಸೆಸ್ ತೆರೆದಿರುವ ಫೈಲ್‌ಗಳು, ಎಸ್ ಒತ್ತಿದರೆ ಅದು ಮಾಡುತ್ತಿರುವ ಸಿಸ್ಟಮ್ ಕಾಲ್‌ಗಳು (ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳು), ಇ ಒತ್ತಿದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು. ಮೊದಲೆರಡಕ್ಕೆ ಎಲ್‌ಎಸ್‌ಒಎಫ್, ಎಸ್‌ಟ್ರೇಸ್ ಬೇರೆಯಾಗಿ ಹಾಕಿರಬೇಕು. ಮೂರನೆಯದನ್ನು ಸ್ಕ್ರೀನ್ ಶೇರ್ ಮಾಡಿರುವಾಗ ಒತ್ತಬೇಡಿ. ಪಾಸ್‌ವರ್ಡ್‌ಗಳು ಅಲ್ಲೇ ಇರುತ್ತವೆ. ಎಫ್10ಕ್ಕೆ ಕೆಲವು ಟರ್ಮಿನಲ್‌ಗಳಲ್ಲಿ ಮೆನು ತೆರೆದುಕೊಳ್ಳುತ್ತದೆ, ಹೊರಬರಲು ಕ್ಯೂ ಸಾಕು. ಸೆಟ್ಟಿಂಗ್‌ಗಳು ಫೈಲಿಗೆ ಬರೆಯಲ್ಪಡುವುದು ಹೊರಬರುವಾಗ. ಎರಡು ಕಿಟಕಿಗಳಲ್ಲಿ ತೆರೆದಿದ್ದರೆ ಕೊನೆಗೆ ಮುಚ್ಚಿದ್ದರದ್ದೇ ಉಳಿಯುತ್ತದೆ. ಕನ್ನಡ ಹೆಸರಿನ ಫೈಲ್‌ಗಳಿದ್ದರೆ ಲೊಕೇಲ್ (ಭಾಷೆಯ ಸೆಟ್ಟಿಂಗ್) ಯುಟಿಎಫ್-8 ಇರಲಿ, ಆದರೂ ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದು ಟರ್ಮಿನಲ್‌ನ ಕೊರತೆ.

ಕಂಟೇನರ್ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಒಳಗೆ ಮಾತ್ರ ಎಚ್‌ಟಾಪ್‌ನ ಮೇಲ್ಭಾಗವನ್ನು ನಂಬಬೇಡಿ. ಡಾಕರ್ ಒಳಗೆ ತೆರೆದರೆ ಪ್ರಾಸೆಸ್‌ಗಳು ಕಂಟೇನರಿನವು, ಆದರೆ ಸಿಪಿಯು ಮತ್ತು ಮೆಮೊರಿ ಅಂಕಿಗಳು ಹೋಸ್ಟ್ ಯಂತ್ರದವು. ಕಂಟೇನರಿಗೆ 512 ಎಂಬಿ ಮಿತಿ ಇದ್ದರೂ ಮೇಲೆ 32 ಜಿಬಿ ಕಾಣುತ್ತದೆ. ಬೇಕಾದಷ್ಟು ಜಾಗ ಇದೆ ಎನ್ನುವಷ್ಟರಲ್ಲಿ ಊಮ್ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರಾಸೆಸ್ ಕೊಲ್ಲುವ ಕರ್ನಲ್ ವ್ಯವಸ್ಥೆ) ಪ್ರಾಸೆಸ್ ಎತ್ತಿಕೊಂಡು ಹೋಗಿರುತ್ತದೆ. ಅಲ್ಲಿ ಹೊರಗಿನಿಂದ ‘ಡಾಕರ್ ಸ್ಟ್ಯಾಟ್ಸ್’ ನೋಡಿ. ಒಳಗಿನಿಂದಲೇ ಆಗಬೇಕಿದ್ದರೆ, ಸಿಗ್ರೂಪ್ 2 (ಇಂಥ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಇರುವ ಕಡೆ ಅದರ ಡೈರೆಕ್ಟರಿಯಲ್ಲಿರುವ ‘ಮೆಮೊರಿ.ಮ್ಯಾಕ್ಸ್’, ‘ಮೆಮೊರಿ.ಕರೆಂಟ್’ ಫೈಲ್‌ಗಳನ್ನು ಓದಿ.

ಇನ್ನೊಂದು ಕೊರತೆ, ಇದರ ಫಲಿತಾಂಶವನ್ನು ಸ್ಕ್ರಿಪ್ಟ್‌ಗೆ ಕೊಡುವಂತಿಲ್ಲ. ಫೈಲಿಗೆ ಬರೆಯಿಸಬೇಕಾದರೆ ಹಳೆಯ ಟಾಪ್‌ನ ‘-ಬಿ -ಎನ್ 2’ ಬೇಕು. ಎರಡು ಸುತ್ತು ಯಾಕೆಂದರೆ ಮೊದಲ ಸುತ್ತಿನ ಸಿಪಿಯು ಅಂಕಿ ಈ ಕ್ಷಣದ್ದಾಗಿರುವುದಿಲ್ಲ, ಎರಡನೆಯದನ್ನು ಇಟ್ಟುಕೊಳ್ಳಿ. ಪಿಎಸ್ ಕಮಾಂಡ್‌ನ ಸಿಪಿಯು ಶೇಕಡಾ ಇದಕ್ಕೆ ಬದಲಿ ಅಲ್ಲ. ಅದು ಪ್ರಾಸೆಸ್ ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ವಾರದಿಂದ ಸುಮ್ಮನಿದ್ದು ಈಗಷ್ಟೇ ಒಂದು ಕೋರನ್ನು ಪೂರ್ತಿ ತಿನ್ನುತ್ತಿರುವ ಪ್ರಾಸೆಸ್ ಅಲ್ಲಿ 0.3 ಎಂದು ಕಾಣಬಹುದು.

ರಾತ್ರಿ 3 ಗಂಟೆಗೆ ಏನಾಯಿತು ಎಂದು ಬೆಳಿಗ್ಗೆ ಕೇಳಿದರೆ ಎಚ್‌ಟಾಪ್ ಬಳಿ ಉತ್ತರ ಇಲ್ಲ, ಅದು ಏನನ್ನೂ ದಾಖಲಿಸುವುದಿಲ್ಲ. ಆದ್ದರಿಂದ ಸರ್ವರ್‌ಗಳಲ್ಲಿ ಜೊತೆಗೆ ಅಟಾಪ್ ಹಾಕಿ. ಅದು ಹಿನ್ನೆಲೆಯಲ್ಲಿ ಓಡುತ್ತಾ ಪ್ರತಿ 600 ಸೆಕೆಂಡಿಗೊಮ್ಮೆ ದಾಖಲಿಸುತ್ತದೆ; ಐದು ನಿಮಿಷದ ತೊಂದರೆ ಹಿಡಿಯಲು ಇದು ಸಾಲದು. ಡೆಬಿಯನ್‌ನಲ್ಲಿ ಇಟಿಸಿ ಒಳಗಿನ ಡೀಫಾಲ್ಟ್ ಡೈರೆಕ್ಟರಿಯ ಅಟಾಪ್ ಫೈಲಿನಲ್ಲಿ ಅವಧಿಯನ್ನು 60ಕ್ಕೆ ಇಳಿಸಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ದಾಖಲೆ ಓದಲು ‘ಅಟಾಪ್ -ಆರ್’. ಸ್ಮಾಲ್ ಟಿ ಮುಂದಕ್ಕೆ, ಕ್ಯಾಪಿಟಲ್ ಟಿ ಹಿಂದಕ್ಕೆ, ಬಿ ಒತ್ತಿದರೆ ಬೇಕಾದ ಗಂಟೆಗೆ ನೇರ ಜಿಗಿತ. ಅವಧಿ ಹತ್ತನೇ ಒಂದಕ್ಕೆ ಇಳಿದಾಗ ದಾಖಲೆಗಳು ಹತ್ತಿರಹತ್ತಿರ ಹತ್ತು ಪಟ್ಟು ಬೆಳೆಯುತ್ತವೆ. ಹಾಗಾಗಿ ಸಣ್ಣ ಡಿಸ್ಕ್ ಇರುವ ಯಂತ್ರದಲ್ಲಿ ಎಷ್ಟು ದಿನದ ದಾಖಲೆ ಉಳಿಯಬೇಕು ಎಂಬುದನ್ನೂ ಅದೇ ಫೈಲಿನಲ್ಲಿ ಕಡಿಮೆ ಮಾಡಿ.