ಕಂಟೇನರ್ ಮೆಮೊರಿಯ ಲೆಕ್ಕಕ್ಕೆ ಯಾವುದು: ಟಾಪ್, ವಿಪಿಎ, ಪ್ರೊಮಿಥಿಯಸ್?

ನನ್ನ ಒಲವು ಅಳತೆಗಳನ್ನು ಆಗಾಗ ತೆಗೆದು ಕೂಡಿಡುವ ಪ್ರೊಮಿಥಿಯಸ್ ಕಡೆಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಬಾಡಿಗೆಯ ಮಾನಿಟರಿಂಗ್ ಸೇವೆ ಕೈಗೆ ದುಬಾರಿಯಾದ ಮೇಲೆ, ಕಂಟೇನರ್‌ಗಳನ್ನು (ತಮ್ಮದೇ ಡಬ್ಬಿಯಲ್ಲಿ ಓಡುವ ಪ್ರೋಗ್ರಾಂಗಳನ್ನು) ನಡೆಸುವ ನಮ್ಮ ಸಣ್ಣ ಕುಬರ್ನೆಟಿಸ್ ಕ್ಲಸ್ಟರ್‌ನಲ್ಲಿ ಪರವಾನಗಿ ಶುಲ್ಕವಿಲ್ಲದ ಈ ಮೂರನ್ನೂ ಬಳಸಿ ನೋಡಿದೆ.

ಈ ಕ್ಷಣದ ಬಳಕೆ ತೋರಿಸುವ ಆಜ್ಞೆ 'ಕ್ಯೂಬ್‌ಸಿಟಿಎಲ್ ಟಾಪ್' ಅವಸರಕ್ಕೆ ಒದಗುತ್ತದೆ, ಆದರೆ ಅದಕ್ಕೆ ನಿನ್ನೆಯ ನೆನಪಿಲ್ಲ. ರಾತ್ರಿ 137ರ ಸಂಕೇತದೊಂದಿಗೆ (ಬಲವಂತದ ಸಾವು, ಸಾಮಾನ್ಯವಾಗಿ ಮೆಮೊರಿ ಮೀರಿದ್ದಕ್ಕೆ) ಸತ್ತ ಕಂಟೇನರ್ ಬಗ್ಗೆ ಬೆಳಿಗ್ಗೆ ವಿಚಾರಿಸಿದರೆ, ಮತ್ತೆ ಎದ್ದು ಕುಳಿತದ್ದರ ಸಾಧು ಅಂಕಿಯನ್ನಷ್ಟೇ ತೋರಿಸುತ್ತದೆ.

ವಿಪಿಎ (ವರ್ಟಿಕಲ್ ಪಾಡ್ ಆಟೋಸ್ಕೇಲರ್) ಪಾಡ್‌ಗೆ ಎಷ್ಟು ಮೆಮೊರಿ ಬೇಕೆಂದು ಲೆಕ್ಕಹಾಕುತ್ತದೆ; ಪಾಡ್ ಎಂದರೆ ಒಂದು ಅಥವಾ ಹೆಚ್ಚು ಕಂಟೇನರ್‌ಗಳ ಕಟ್ಟು. ಅದನ್ನು 'ಆಫ್' ಸ್ಥಿತಿಯಲ್ಲಿಟ್ಟರೆ ಪಾಡ್‌ಗಳನ್ನು ಮುಟ್ಟದೆ ಸಲಹೆ ಮಾತ್ರ ಕೊಡುತ್ತದೆ. ಜಾವಾ ಸೇವೆಗಳಿಗೆ ಆ ಸಲಹೆಯನ್ನು ನಾನು ನಂಬುವುದಿಲ್ಲ. ಹೀಪ್ (ಜಾವಾ ತನ್ನ ಡೇಟಾ ಇಡುವ ಮೆಮೊರಿ) ಗಾತ್ರವನ್ನು ಲಿಮಿಟ್‌ನ (ಕಂಟೇನರ್ ಬಳಸಬಹುದಾದ ಗರಿಷ್ಠ ಮೆಮೊರಿ) ಶೇಕಡಾವಾರಿಗೆ ಕಟ್ಟಿದ್ದರೆ, ಲಿಮಿಟ್ ಏರಿದಂತೆ ಹೀಪ್ ಹಿಗ್ಗುತ್ತದೆ, ಹೀಪ್ ಹಿಗ್ಗಿದಂತೆ ಸಲಹೆಯೂ ಏರುತ್ತದೆ.

ನಿಜವಾಗಿ ತಲೆ ತಿಂದದ್ದು ಕೋಟಾ. ಒಂದು ನೇಮ್‌ಸ್ಪೇಸ್‌ಗೆ (ಕ್ಲಸ್ಟರ್‌ನೊಳಗಿನ ವಿಭಾಗ) ಒಟ್ಟು 3 ಜಿಬಿ ಮೆಮೊರಿ ಲಿಮಿಟ್‌ನ ಕೋಟಾ ಇತ್ತು. ಅದರೊಳಗೆ ತಲಾ 1 ಜಿಬಿಯ ಮೂರು ಪಾಡ್‌ಗಳು ಸರಿಯಾಗಿ ಹಿಡಿಸಿದ್ದವು. ಹೊಸ ಆವೃತ್ತಿ ಹೊರಟಿತು, ಆದರೆ ಹೊಸ ಪಾಡ್ ಬರಲೇ ಇಲ್ಲ. ಪಾಡ್‌ಗಳ ಪಟ್ಟಿಯಲ್ಲಿ ದೋಷದ ಸುಳಿವೂ ಇಲ್ಲ, ಹಳೆಯ ಮೂರು ಆರೋಗ್ಯವಾಗಿ ಓಡುತ್ತಿವೆ.

ಕಾರಣ ಆವೃತ್ತಿ ಬದಲಿಸುವ ಎರಡು ನಿಯಮಗಳ ಪೂರ್ವನಿಗದಿತ 25 ಶೇಕಡಾದಲ್ಲಿದೆ: 'ಮ್ಯಾಕ್ಸ್‌ಸರ್ಜ್' ಎಂದರೆ ಆಗ ಎಷ್ಟು ಪಾಡ್ ಹೆಚ್ಚುವರಿ ಇರಬಹುದು, 'ಮ್ಯಾಕ್ಸ್‌ಅನ್‌ಅವೈಲಬಲ್' ಎಂದರೆ ಎಷ್ಟು ಕಡಿಮೆಯಾಗಬಹುದು. ಮೂರರ 25 ಶೇಕಡಾ ಎಂದರೆ ಮುಕ್ಕಾಲು. 'ಮ್ಯಾಕ್ಸ್‌ಸರ್ಜ್' ಅದನ್ನು ಮೇಲಕ್ಕೆ ಎತ್ತಿ ಒಂದು ಮಾಡುತ್ತದೆ, 'ಮ್ಯಾಕ್ಸ್‌ಅನ್‌ಅವೈಲಬಲ್' ಕೆಳಕ್ಕೆ ಇಳಿಸಿ ಸೊನ್ನೆ ಮಾಡುತ್ತದೆ. ಹೊಸದು ಬರುವ ತನಕ ಹಳೆಯದು ಜಾಗ ಬಿಡದು, ಹಳೆಯದು ಹೋಗುವ ತನಕ ಹೊಸದಕ್ಕೆ ಕೋಟಾದಲ್ಲಿ ಜಾಗವಿಲ್ಲ. ನಾಲ್ಕು ಪಾಡ್ ಇದ್ದಿದ್ದರೆ ಎರಡೂ ಕಡೆ ಒಂದು ಬಂದು ಈ ಗಂಟೇ ಬೀಳುತ್ತಿರಲಿಲ್ಲ! ಕೋಟಾ ಮೀರಿದ ದೂರು ಬರೆದಿರುವುದು ಪಾಡ್‌ಗಳನ್ನು ಹುಟ್ಟಿಸುವ ರೆಪ್ಲಿಕಾಸೆಟ್‌ನ ಈವೆಂಟ್‌ಗಳಲ್ಲಿ (ಘಟನೆಗಳ ದಾಖಲೆ). ಪೂರ್ವನಿಗದಿಯಂತೆ ಅವು ಉಳಿಯುವುದು 1 ಗಂಟೆ.

ಹುಟ್ಟದ ಪಾಡ್‌ನ ಮೆಮೊರಿಯನ್ನು ಟಾಪ್ ಆಗಲಿ ವಿಪಿಎ ಆಗಲಿ ಎಲ್ಲಿಂದ ಅಳೆಯಬೇಕು? ಪ್ರೊಮಿಥಿಯಸ್ ಜೊತೆಗೆ, ಕ್ಲಸ್ಟರ್‌ನ ಸ್ಥಿತಿಯನ್ನು ಅಂಕಿಗಳಾಗಿ ಕೊಡುವ ಕ್ಯೂಬ್-ಸ್ಟೇಟ್-ಮೆಟ್ರಿಕ್ಸ್ ಹಾಕಿದರೆ ಕೋಟಾದ ಮಿತಿ, ಬಳಕೆ ಎರಡೂ ಒಂದೇ ನಕ್ಷೆಯಲ್ಲಿ ಕಾಣುತ್ತವೆ. ಬಳಕೆ ಮಿತಿಯನ್ನು ಮುಟ್ಟುವ ಮೊದಲೇ ಎಚ್ಚರಿಕೆ ಬರುವಂತೆ ಇಟ್ಟುಕೊಂಡಿದ್ದೇನೆ. ಎರಡು ಅಳತೆಗಳ ನಡುವೆ ಚಿಮ್ಮಿ ಇಳಿದ ಮೆಮೊರಿ ಇದರ ಕಣ್ಣಿಗೂ ಬೀಳದು, ಅಷ್ಟನ್ನು ಸಹಿಸಿಕೊಳ್ಳುತ್ತೇನೆ.

ಪ್ರೊಮಿಥಿಯಸ್ ತಾನೂ ಮೆಮೊರಿ ತಿನ್ನುತ್ತದೆ, ಅಳತೆಗಳಿಗೆ ಅಂಟಿಸುವ ಲೇಬಲ್‌ಗಳು ಹೆಚ್ಚಿದಷ್ಟೂ ಹಸಿವು ಹೆಚ್ಚು. ನಮ್ಮಲ್ಲಿ ಒಂದು ನೋಡ್ (ಕ್ಲಸ್ಟರ್‌ನ ಒಂದು ಯಂತ್ರ) ಹೇಗೂ ಅರ್ಧ ಖಾಲಿಯಿತ್ತು, ಅಲ್ಲಿಟ್ಟೆ. ಒಂದೆರಡು ಸೇವೆ ಓಡಿಸುವವರು ಅದಕ್ಕಾಗಿ ಹೊಸ ನೋಡ್ ಕೊಳ್ಳಬೇಕಾಗಿಲ್ಲ, ಟಾಪ್ ಮತ್ತು ರೆಪ್ಲಿಕಾಸೆಟ್‌ನ ಈವೆಂಟ್‌ಗಳನ್ನು ನೋಡುವ ಅಭ್ಯಾಸವಿದ್ದರೆ ಸಾಕು.