ಕುದುರೆ ಲಾಯಕ್ಕೆ ತೆಂಗಿನ ನಾರಿನ ಪುಡಿ: ಮಲೆನಾಡಿನ ಮಳೆಗಾಲಗಳನ್ನು ದಾಟಿಸಿದ ಹಾಸು

ಸಕಲೇಶಪುರ, ಮೂಡಿಗೆರೆ ಕಡೆ ಕುದುರೆ ಸಾಕುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇವಿಗಿಂತ ದೊಡ್ಡ ಚಿಂತೆ ಲಾಯದ ನೆಲದ್ದು. ಒಂದು ಕುದುರೆ ದಿನಕ್ಕೆ ಸುಮಾರು 8ರಿಂದ 10 ಲೀಟರ್ ಮೂತ್ರ ಮಾಡುತ್ತದೆ, 15 ಕಿಲೋಗೂ ಹೆಚ್ಚು ಲದ್ದಿ ಹಾಕುತ್ತದೆ. ಗಾಳಿಯೇ ತೇವವಾಗಿರುವಾಗ ಆ ಒದ್ದೆ ತಾನಾಗಿ ಆರುವುದಿಲ್ಲ. ಹಾಸು ಅದನ್ನು ಹಿಡಿದಿಡಬೇಕು, ನಾವು ಎತ್ತಿ ಹೊರಹಾಕಬೇಕು. ಭತ್ತದ ಹುಲ್ಲು, ಉಮಿ, ಮರದ ಹೊಟ್ಟು ಎಲ್ಲವನ್ನೂ ಬಳಸಿದ ಮೇಲೆ ನಮ್ಮಲ್ಲಿ ಉಳಿದುಕೊಂಡದ್ದು ಅರಸೀಕೆರೆ ಸೀಮೆಯ ತೆಂಗಿನ ನಾರಿನ ಪುಡಿ.

ಕಾರಣ ಸರಳ. ಒಣ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಕುಡಿಯುತ್ತದೆ. ಹುಲ್ಲು ಎರಡು ಮೂರು ಪಟ್ಟು ಕುಡಿದರೆ ಹೆಚ್ಚು. ಹುಲ್ಲಿನಲ್ಲಿ ಮೂತ್ರ ಕೆಳಗಿಳಿದು ಅಗಲಕ್ಕೆ ಹರಡುತ್ತದೆ, ಪುಡಿಯಲ್ಲಿ ಬಿದ್ದ ಜಾಗದಲ್ಲೇ ಮುದ್ದೆಯಾಗುತ್ತದೆ. ಹಾಗಾಗಿ ಬೆಳಿಗ್ಗೆ ಎತ್ತುವುದು ಒಂದೆರಡು ಮಂಕರಿ ಮಾತ್ರ, ಇಡೀ ಹಾಸನ್ನಲ್ಲ. ಪುಡಿಯಲ್ಲಿ ಸ್ವಲ್ಪ ಹುಳಿ ಗುಣವಿರುವುದರಿಂದ ಅಮೋನಿಯಾ ಗಾಳಿಗೆ ಏಳುವುದೂ ಕಡಿಮೆ. ವಾಸನೆಯನ್ನು ನಿಂತುಕೊಂಡು ನೋಡಬೇಡಿ, ಮಲಗಿದ ಕುದುರೆಯ ಮೂಗಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ಅಲ್ಲಿ ಕಣ್ಣು ಉರಿದರೆ ಕುದುರೆಯ ಶ್ವಾಸಕೋಶ ರಾತ್ರಿಯಿಡೀ ಅದನ್ನೇ ಎಳೆದುಕೊಂಡಿದೆ. ಒದ್ದೆ ಜಾಗಕ್ಕೆ ಸುಣ್ಣ ಎರಚುವ ರೂಢಿ ಬಹಳ ಕಡೆ ಇದೆ. ಸುಣ್ಣ ಕ್ಷಾರ, ಮೂತ್ರದ ಜೊತೆ ಸೇರಿದರೆ ಅಮೋನಿಯಾ ಇನ್ನೂ ಬೇಗ ಬಿಡುಗಡೆಯಾಗುತ್ತದೆ. ದಯವಿಟ್ಟು ಬಿಡಿ.

ಕೊಳ್ಳುವಾಗ ಹೆಚ್ಚಿನವರು ಎಡವುವುದು ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆಯಲ್ಲಿ. 5 ಕಿಲೋ ಇಟ್ಟಿಗೆ ಪೂರ್ತಿ ಅರಳಿದರೆ 65-70 ಲೀಟರ್ ಪುಡಿ ಕೊಡುತ್ತದೆ, ನೋಡಲು ಲಾಭದಂತೆ ಕಾಣುತ್ತದೆ. ಆದರೆ ಅರಳಿಸಲು ನೀರು ಹಾಕಲೇಬೇಕು, ಮತ್ತೆ ಬಿಸಿಲಿಗೆ ಹರಡಿ ಒಣಗಿಸಲೇಬೇಕು. ಜುಲೈನಲ್ಲಿ ಮೂಡಿಗೆರೆಯಲ್ಲಿ ಎಲ್ಲಿಯ ಬಿಸಿಲು? ನೀರು ಕುಡಿದು ಕೂತ ಪುಡಿ ಮೂತ್ರಕ್ಕೆ ಜಾಗ ಕೊಡುವುದಿಲ್ಲ. ಸಡಿಲವಾಗಿ ಒಣಗಿಸಿದ ಪುಡಿಯನ್ನೇ ಕೇಳಿ, ಏಪ್ರಿಲ್-ಮೇನಲ್ಲೇ ತರಿಸಿ ಸೋರದ ಶೆಡ್ಡಿನಲ್ಲಿ ನೆಲದಿಂದ ಎತ್ತರದ ಹಲಗೆ ಮೇಲೆ ಇಡಿ. ಇಳಿಸಿಕೊಳ್ಳುವ ಮುಂಚೆ ರಾಶಿಯ ಒಳಗಿನಿಂದ ಒಂದು ಹಿಡಿ ತೆಗೆದು ಹಿಂಡಿ. ನೀರು ಜಿನುಗಿದರೆ ವಾಪಸ್ ಕಳಿಸಿ. ಕೈ ಬಿಚ್ಚಿದ ಮೇಲೂ ಉಂಡೆಯಾಗಿ ನಿಂತರೆ ಇನ್ನೂ ಎರಡು ಬಿಸಿಲು ಬೇಕು, ಉದುರಿದರೆ ಸರಿ. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಕೆಲವು ಕುದುರೆಗಳು ನೆಕ್ಕಲು ಶುರುಮಾಡುತ್ತವೆ. ತೊಳೆದದ್ದೇ ಎಂದು ಖಚಿತಪಡಿಸಿಕೊಳ್ಳಿ.

12 ಅಡಿಗೆ 12 ಅಡಿ ಲಾಯಕ್ಕೆ 4 ಇಂಚು ದಪ್ಪ ಹಾಕಿದರೆ ಸುಮಾರು 1,360 ಲೀಟರ್ ಬೇಕು. ಗೋಡೆ ಬದಿಗೆ 6 ಇಂಚು ಏರಿಸಿದರೆ ಮಲಗಿ ಏಳುವಾಗ ಮೊಣಕಾಲು ಉಜ್ಜುವುದಿಲ್ಲ. ಗಂಡು ಕುದುರೆ ಸಾಮಾನ್ಯವಾಗಿ ಲಾಯದ ನಡುವೆ ಒದ್ದೆ ಮಾಡುತ್ತದೆ, ಹೆಣ್ಣು ಹಿಂದಿನ ಗೋಡೆಯ ಕಡೆ. ಆಯಾ ಜಾಗದಲ್ಲಿ ಪುಡಿ ದಪ್ಪವಿರಲಿ. ಸಿಮೆಂಟ್ ನೆಲಕ್ಕೆ ಇಳಿಜಾರು ಇಲ್ಲದಿದ್ದರೆ ಯಾವ ಹಾಸು ಹಾಕಿದರೂ ತಳದಲ್ಲಿ ಕೆಸರಾಗುತ್ತದೆ, ಮೊದಲು ಅದನ್ನು ಸರಿಮಾಡಿ.

ಕೊರತೆಗಳೂ ಇವೆ. ಪುಡಿಯ ಬಣ್ಣ ಕಂದಾಗಿರುವುದರಿಂದ ಮೂತ್ರದ ಬಣ್ಣ ಕಾಣುವುದಿಲ್ಲ. ದುಡಿದ ಕುದುರೆಯ ಸ್ನಾಯು ಕಟ್ಟಿಕೊಂಡಾಗ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಆ ಸೂಚನೆ ಇಲ್ಲಿ ತಪ್ಪಿಹೋಗಬಹುದು. ಗೊರಸಿನ ತಳದಲ್ಲಿ ಪುಡಿ ಗಿಡಿದುಕೊಳ್ಳುತ್ತದೆ, ದಿನವೂ ಕೆರೆದು ತೆಗೆಯದಿದ್ದರೆ ಗೊರಸು ಕೊಳೆಯುತ್ತದೆ. ಕಡೂರಿನಂಥ ಒಣ ಕಡೆ ಬೇಸಿಗೆಯಲ್ಲಿ ಧೂಳೇಳುತ್ತದೆ, ಮೇಲೆ ತೆಳ್ಳಗೆ ನೀರು ಚಿಮುಕಿಸಬೇಕು.

ಉಳಿದವುಗಳ ಬಗ್ಗೆ ಚುಟುಕಾಗಿ. ಉಮಿ ಅಗ್ಗ, ಆದರೆ ಹೀರುವುದಿಲ್ಲ, ತುದಿ ಚೂಪು, ಕಣ್ಣೊಳಗೆ ಹೋಗುತ್ತದೆ. ಭತ್ತದ ಹುಲ್ಲು ಡಿಸೆಂಬರ್-ಜನವರಿಯಲ್ಲಿ ಒಳ್ಳೆಯದು, ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು ಕುದುರೆಗೆ ಕೆಮ್ಮು ತರುತ್ತದೆ. ಹೊಟ್ಟೆಬಾಕ ಕುದುರೆ ಅದನ್ನೇ ತಿಂದು ಹೊಟ್ಟೆಶೂಲೆಗೂ ಬೀಳುತ್ತದೆ. ಮರದ ಹೊಟ್ಟಿನಲ್ಲಿ ಪ್ಲೈವುಡ್ ಪುಡಿ ಬೆರೆತಿದ್ದರೆ ಅಂಟು, ರಾಸಾಯನಿಕ ಎರಡೂ ಇರುತ್ತವೆ. ಕಾಫಿ ಸಿಪ್ಪೆ ನಮ್ಮ ಜಿಲ್ಲೆಗಳಲ್ಲಿ ರಾಶಿ ರಾಶಿ ಸಿಗುತ್ತದೆ, ಪುಕ್ಕಟೆ ಕೊಟ್ಟರೂ ತರಬೇಡಿ. ಅದರಲ್ಲಿ ಕೆಫೀನ್ ಇದೆ, ಕುದುರೆ ಬಾಯಿ ಹಾಕದೆ ಬಿಡುವುದಿಲ್ಲ, ಮತ್ತು ರೇಸಿನ ಕುದುರೆಗೆ ಅದು ನಿಷೇಧಿತ ವಸ್ತು.

ಎತ್ತಿದ ಒದ್ದೆ ಪುಡಿ ತೋಟಕ್ಕೆ ಹೋಗುತ್ತದೆ, ಆದರೆ ನೇರವಾಗಿ ಗಿಡದ ಬುಡಕ್ಕಲ್ಲ. ನಾರಿನ ಪುಡಿ ನಿಧಾನವಾಗಿ ಕೊಳೆಯುವ ಪದಾರ್ಥ; ಹಸಿಯಾಗಿ ಹಾಕಿದರೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಲದ್ದಿ, ಹಸಿರೆಲೆ, ಸ್ವಲ್ಪ ಸಗಣಿ ನೀರು ಸೇರಿಸಿ ತಿಪ್ಪೆಯಲ್ಲಿ ತಿಂಗಳಿಗೊಮ್ಮೆ ಮಗುಚುತ್ತಾ ಆರು ತಿಂಗಳು ಬಿಡಿ. ಮಳೆ ನೀರು ಸಾರ ತೊಳೆದುಕೊಂಡು ಹೋಗದಂತೆ ತಿಪ್ಪೆಯ ಮೇಲೆ ಅಡಿಕೆ ಸೋಗೆ ಹೊದಿಸಿ.